ಶೈಲಜಮ್ಮನವರ ಬೀರುವಿನಲ್ಲಿ ಪತ್ತೆಯಾದ ಸರ್ವರ್ ಕಡತಗಳು

ಚಾಮರಾಜಪೇಟೆಯ ಬೀದಿ ವ್ಯಾಪಾರ ಪರವಾನಗಿ ಮಂಡಳಿಯಲ್ಲಿ ಇಂದಿನವರೆಗೆ ಒಂದು ಕಡತವೂ ಕಳೆದಿಲ್ಲ. ಸಿಗದಿರುವ ಕಡತಗಳಿವೆ, ಅದು ಬೇರೆ ಶೀರ್ಷಿಕೆಯಡಿ ಬರುತ್ತದೆ.

ಕಳೆದ ತಿಂಗಳು ಮಂಡಳಿಗೆ ವೆಬ್‌ಸೈಟ್ ಬಂತು. ಅದನ್ನು ತಯಾರಿಸಿದ ಲಾಸ್ಯಾಳ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸರಿಯಾಗಿತ್ತು. ಮಂಡಳಿಯ ಸರ್ವರ್‌ಗೆ ಏರಿಸಿ ರಿಬ್ಬನ್ ಕತ್ತರಿಸಿದ ಮೇಲೆ, ಜನ ಕಳಿಸಿದ ನಾನೂರ ಹನ್ನೆರಡು ಅರ್ಜಿಗಳಲ್ಲಿ ಒಂದೂ ತೆರೆಯಲಿಲ್ಲ. ಪರದೆ ಇಷ್ಟು ಹೇಳಿತು: ‘ಕಡತ ಸಿಗಲಿಲ್ಲ. ಹುಡುಕಿದ ಸ್ಥಳ: ಹೋಮ್/ಲಾಸ್ಯಾ/ಅರ್ಜಿಗಳು.’

ಗಾಂಧಿ ಬಜಾರಿನಲ್ಲಿ ಸೊಪ್ಪು ಮಾರುವ ಮುನಿಯಕ್ಕನ ಅರ್ಜಿಯೂ ಅದರಲ್ಲಿತ್ತು. ಸೋಮವಾರದೊಳಗೆ ಪರವಾನಗಿ ತೋರಿಸದಿದ್ದರೆ ಅವಳ ಗಾಡಿಯನ್ನು ಲಾರಿಗೆ ಹಾಕುತ್ತಾರೆ.

“ಪಕ್ಕದಂಗ್ಡಿ ಹುಡ್ಗ ಕಳಿಸ್ದಾಗ ಫೋನಲ್ಲಿ ಹಸಿರು ಟಿಕ್ಕು ಬಂದಿತ್ತಲ್ಲ ಸಾ, ಎಲ್ಲಿಗೋಯ್ತು?” ಎಂದು ಕಚೇರಿಗೆ ಬಂದು ಕೇಳಿದಳು.

ಆಡಳಿತಾಧಿಕಾರಿ ವಿಶ್ವಾರಾಧ್ಯರು ಪರದೆಯನ್ನು ಎರಡು ಸಲ ಓದಿ, ಲಾಸ್ಯಾಳಿಗೆ ನೋಟಿಸ್ ಕೊಟ್ಟರು: ‘ಕಚೇರಿ ಕಡತಗಳನ್ನು ತಾವು ಸ್ವಂತ ಮನೆಯಲ್ಲಿ ಇರಿಸಿಕೊಂಡಿರುವುದು ಯಂತ್ರದ ಹೇಳಿಕೆಯಿಂದಲೇ ದೃಢಪಟ್ಟಿರುತ್ತದೆ.’

“ಸರ್, ಹೋಮ್ ಅಂದ್ರೆ ಫೋಲ್ಡರ್ ಹೆಸರು. ನನ್ನ ಲ್ಯಾಪ್‌ಟಾಪಿನ ವಿಳಾಸ ಬದಲಾಯಿಸೋದು ಮರೆತಿದೀನಿ, ತಪ್ಪು ನಂದೇ. ಅರ್ಜಿಗಳು ಸರ್ವರ್‌ನಲ್ಲೇ ಬೇರೆ ಕಡೆ ಇವೆ. ಹತ್ತು ನಿಮಿಷ ಬಿಡಿ, ಹುಡುಕಿ ಕೊಡ್ತೀನಿ.”

“ಕಡತ ಕಳೆದ ಆರೋಪ ಇರೋರಿಗೆ ಕಡತ ಹುಡುಕೋ ಅಧಿಕಾರ ಇಲ್ಲಮ್ಮ,” ಎಂದರು ವಿಶ್ವಾರಾಧ್ಯರು, ಮರುಕದಿಂದಲೇ.

ಮರುದಿನ ವಿಶ್ವಾರಾಧ್ಯರು ಗವಿಪುರಂನ ಲಾಸ್ಯಾಳ ಮನೆಗೆ ಬಂದು ಮಹಜರು ನಡೆಸಿದರು. ಬಾಗಿಲು ತೆರೆದ ಅವಳ ತಾಯಿ ಶೈಲಜಮ್ಮ ಕಾಫಿ ಬೇಕೇ ಎಂದು ಕೇಳಿದರು. ಮಹಜರಿಗೆ ಮುಂಚೆ ಸ್ವೀಕರಿಸುವಂತಿಲ್ಲ ಎಂದು ತಿಳಿಸಲಾಯಿತು. ಬೀರುವಿನಲ್ಲಿ ಹದಿನಾರು ಸೀರೆ, ಒಂದು ಪಂಚಾಂಗ, ಕೆಟ್ಟುಹೋದ ಎರಡು ವಾಚು ಸಿಕ್ಕವು. ವರದಿಯಲ್ಲಿ ಹೀಗೆ ಬರೆದರು: ‘ಸ್ಥಳ ಇದೆ. ಕಡತಗಳು ಬಂದು ಸೇರುವುದು ಬಾಕಿ ಇದೆ.’ ಆಮೇಲೆ ಕಾಫಿ ಕುಡಿದರು.

ಬಾಕಿ ತೀರಿಸಲು ಅರ್ಜಿದಾರರೆಲ್ಲ ಸದರಿ ಬೀರುವಿಗೆ ಖುದ್ದಾಗಿ ಅರ್ಜಿ ತಲುಪಿಸಬೇಕೆಂದು ಆದೇಶವಾಯಿತು. ಶನಿವಾರ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದವಳು ಮುನಿಯಕ್ಕ. ಅವಳಿಗೆ ಬರೆಯಲು ಬಾರದು. ಶೈಲಜಮ್ಮನೇ ದುಂಡಗೆ ಬರೆದು, ಹೆಬ್ಬೆಟ್ಟು ಒತ್ತಿಸಿ, ಹಾಳೆಯನ್ನು ಸೀರೆಗಳ ಮೇಲಿಟ್ಟು ಬೀರು ಮುಚ್ಚಿದರು. ವಿಶ್ವಾರಾಧ್ಯರು ಬೀರು ತೆರೆದು, ಹಾಳೆ ಹೊರತೆಗೆದು, ‘ಪತ್ತೆಯಾಗಿದೆ’ ಎಂಬ ಮೊಹರು ಒತ್ತಿ ಪರವಾನಗಿ ಕೊಟ್ಟರು. ಮುನಿಯಕ್ಕ ಅದನ್ನು ಕಣ್ಣಿಗೊತ್ತಿಕೊಂಡು, “ಕಂಪ್ಯೂಟ್ರು ಬಂದ್ಮೇಲೆ ಎಷ್ಟು ಬೇಗ ಆಯ್ತದೆ ನೋಡಿ,” ಅಂದಳು.

ವಿಚಾರಣೆ ಮುಗಿದು ಲಾಸ್ಯಾಳಿಗೆ ಸರ್ವರ್ ನೋಡಲು ಅನುಮತಿ ಸಿಕ್ಕಿತು. ಆರೇ ನಿಮಿಷದಲ್ಲಿ ನಾನೂರ ಹನ್ನೆರಡೂ ಸಿಕ್ಕವು. ಓಡಿಹೋಗಿ ವಿಶ್ವಾರಾಧ್ಯರಿಗೆ ಹೇಳಿದಳು. ಲಿಖಿತ ಉತ್ತರ ಬಂತು: ‘ಅಸಲು ಕಡತಗಳು ಈಗಾಗಲೇ ಬೀರುವಿನಲ್ಲಿ ಪತ್ತೆಯಾಗಿರುವುದರಿಂದ, ಸರ್ವರ್‌ನಲ್ಲಿರುವವುಗಳನ್ನು ನಕಲಿ ಎಂದು ಪರಿಗಣಿಸಿ ಅಳಿಸತಕ್ಕದ್ದು.’

ಲಾಸ್ಯಾ ಎಲ್ಲವನ್ನೂ ಅಳಿಸಿ, ಅಳಿಸಿದ್ದಕ್ಕೆ ಸಹಿ ಹಾಕಿ ಮನೆಗೆ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಡಲು ಜಾಗವಿರಲಿಲ್ಲ.

“ಸಾಲಲ್ಲಿ ಬನ್ನಿ ಮೇಡಂ,” ಅಂದರು ಯಾರೋ.

ಅವಳು ಹೋಗಿ ಕೊನೆಯಲ್ಲಿ ನಿಂತಳು.