ಬಂಡೆಯ ಮೇಲಿನ ನೂರು ಚುಕ್ಕೆ

ಎಲ್ಲ ಅನರ್ಥಕ್ಕೂ ಮೂಲ ಅಕ್ಕನ ಕೆಂಪು ನೇಲ್ ಪಾಲಿಶ್. ಒಂದು ಬಾಟಲಿಯನ್ನು ಕೇಳದೆ ಒಯ್ದು ಕಡಲ ದಂಡೆಯಲ್ಲಿ ಕಳೆದುಕೊಂಡು ಬಂದಿದ್ದ ತಮ್ಮ, ಹದಿನೈದು ದಿನ ಕಳೆಯುವಷ್ಟರಲ್ಲಿ ಎರಡನೆಯದಕ್ಕೂ ಕೈಹಾಕಿದ್ದ.

"ಅಲ್ವೋ, ನೀನು ಸಮುದ್ರದ ಜೀವಿಗಳ ಬಗ್ಗೆ ಓದ್ತಿದ್ದೀಯೋ, ಅವಕ್ಕೆ ಸಿಂಗಾರ ಮಾಡ್ತಿದ್ದೀಯೋ?" ಎಂದು ಅಕ್ಕ ಬಾಗಿಲಲ್ಲೇ ತಡೆದಳು.

"ಇದೊಂದು ಸಲ ಕೊಡಕ್ಕಾ. ಇಲ್ದಿದ್ರೆ ಈ ಪೇಪರು ಹೋಯ್ತು, ಮುಂದಿನ ವರ್ಷ ಮತ್ತೆ ಮೊದಲಿಂದ."

ತಮ್ಮನ ಕಣ್ಣಿನ ಕೆಳಗಿನ ಕಪ್ಪು ನೋಡಿ ಅಕ್ಕ ದಾರಿ ಬಿಟ್ಟಳು.

ಕ್ಲಾಸಿನಲ್ಲಿ ಅವನಿಗೆ ತೂಕಡಿಕೆ ಎಂದೇ ಹೆಸರು. ಪಾಪ, ಅವನಾದರೂ ಏನು ಮಾಡಿಯಾನು? ಆ ತಿಂಗಳು ಎರಡು ಸೆಮಿನಾರು, ಮೂರು ಪ್ರಬಂಧ, ವಾರಕ್ಕೊಂದು ಟೆಸ್ಟು. ಕಣ್ಣು ಮುಚ್ಚಿದರೆ ಮೀನಿನ ಮೂಳೆಗಳು ಸಾಲಾಗಿ ಬಂದು "ನನ್ನ ಹೆಸರು ಹೇಳು ನೋಡೋಣ" ಎಂದು ಕಾಡುತ್ತಿದ್ದವು. ಇದರ ಮಧ್ಯೆ ಮೇಡಂ ಎಲ್ಲರನ್ನೂ ಬಸ್ಸಿನಲ್ಲಿ ತುಂಬಿಕೊಂಡು ಕಡಲ ದಂಡೆಗೆ ಕರೆದೊಯ್ದು, ತಲೆಗೊಂದು ಬಂಡೆ ಹಂಚಿ, ಬಂಡೆಗೆ ಅಂಟಿಕೊಂಡಿರುವ ಬಸವನಹುಳಗಳ ಜನಗಣತಿ ಮಾಡಿ ಎಂದಿದ್ದರು.

ವಿಧಾನ ಸುಲಭದ್ದೇ. ನೂರು ಹುಳಗಳ ಚಿಪ್ಪಿಗೆ ನೇಲ್ ಪಾಲಿಶ್ ಚುಕ್ಕೆ ಇಟ್ಟು ಬಿಡುವುದು. ಹದಿನೈದು ದಿನ ಬಿಟ್ಟು ಬಂದು, ಕಂಡಕಂಡಲ್ಲಿ ಅರವತ್ತು ಹೆಕ್ಕುವುದು. ಅರವತ್ತರಲ್ಲಿ ಚುಕ್ಕೆಯವು ಕಡಿಮೆ ಸಿಕ್ಕರೆ ಬಂಡೆಯ ಮೇಲೆ ಹುಳಗಳು ಜಾಸ್ತಿ. ಹೆಚ್ಚು ಸಿಕ್ಕರೆ ಹುಳಗಳು ಕಡಿಮೆ. ಗುಣಾಕಾರ ಭಾಗಾಕಾರ ಮಾಡಿದರೆ ಒಟ್ಟು ಸಂಖ್ಯೆ ಬಂತು. ಈ ಗುಣಾಕಾರ ಭಾಗಾಕಾರವನ್ನು ಮೇಡಂ ಬೋರ್ಡಿನ ಮೇಲೆ ಬಿಡಿಸಿ ಹೇಳಿದ ದಿನ ತೂಕಡಿಕೆ ತೂಕಡಿಸುತ್ತಿದ್ದ.

ಮೊದಲ ಸಲ ಬಂದಾಗ ಅವನು ಗಟ್ಟಿಯಾಗಿ ಎಣಿಸುತ್ತಾ ಚುಕ್ಕೆ ಇಟ್ಟಿದ್ದ. ನಲವತ್ತಕ್ಕೆ ಬರುವಷ್ಟರಲ್ಲಿ ಮರುದಿನದ ಟೆಸ್ಟು ನೆನಪಾಯಿತು. ಮೂಳೆಗಳ ಪುಸ್ತಕ ಬಸ್ಸಿನಲ್ಲಿತ್ತು. ರೆಕಾರ್ಡಿನಲ್ಲಿ ನೂರು ಎಂದು ಬರೆದು, ಮೇಡಂ ಸಹಿ ಹಾಕಿಸಿ, ಬಾಟಲಿಯನ್ನು ಬಂಡೆಯ ಮೇಲೇ ಮರೆತು ಕಾಲಿಗೆ ಬುದ್ಧಿ ಹೇಳಿದ್ದ.

ನಿನ್ನೆ ಯಾರದೋ ನೋಟ್ಸು ನೋಡಿ ಲೆಕ್ಕ ಹಾಕಿದಾಗ ಗೊತ್ತಾಯಿತು, ಇರುವುದು ನಲವತ್ತು, ಬರೆದದ್ದು ನೂರು. ಒಟ್ಟು ಸಂಖ್ಯೆ ಸಾವಿರ ಮುಟ್ಟುತ್ತದೆ. ಹೋದ ವರ್ಷದವರ ಲೆಕ್ಕದಲ್ಲಿ ಈ ಬಂಡೆಗಳಲ್ಲಿ ಇದ್ದದ್ದು ನಾನೂರರ ಆಸುಪಾಸು. ಮೇಡಂ ಕಣ್ಣು ಹದ್ದಿನದು.

ಹಾಗಾಗಿ ಈ ದಿನ ಬಸ್ಸು ನಿಂತದ್ದೇ ತಡ, ಉಳಿದವರು ಬುತ್ತಿ ಬಿಚ್ಚುವಷ್ಟರಲ್ಲಿ ತೂಕಡಿಕೆ ತನ್ನ ಬಂಡೆ ಸೇರಿದ್ದ. ನೀರು ಇನ್ನೂ ಪೂರ್ತಿ ಇಳಿದಿರಲಿಲ್ಲ. ಬಂಡೆಯ ಕಡಲ ಕಡೆಯ ಮೈ ಅಲೆಯಲ್ಲಿ ಮುಳುಗಿತ್ತು. ದಡದ ಕಡೆಯೇ ಕುಕ್ಕರಗಾಲಲ್ಲಿ ಕೂತು ಬಾಕಿ ಅರವತ್ತನ್ನು ತೀರಿಸತೊಡಗಿದ. ಒಂದು ಹುಳ ಒಣಗುವ ಮೊದಲೇ ಹೊರಟು ಅವನ ಪ್ಯಾಂಟಿಗೆ ಕೆಂಪು ಗೀರು ಎಳೆಯಿತು. ಅರವತ್ತನೆಯದಕ್ಕೆ ಚುಕ್ಕೆ ಇಟ್ಟು ತಲೆ ಎತ್ತಿದರೆ, ಎದುರಿಗೇ, ಆ ದಂಡೆಯಲ್ಲಿ ಕೂತು ಬಲೆ ಹೆಣೆಯುವ ತಾತ ಬೊಚ್ಚುಬಾಯಿ ಅಗಲಿಸಿ ನಿಂತಿದ್ದರು.

"ಬಂದ್ಯಾ ಮಗಾ? ನಿನ್ನನ್ನೇ ಕಾಯ್ತಿದ್ದೆ. ನಿನಗೊಂದು ವಿಷಯ..."

"ಆಮೇಲೆ ತಾತ, ಆಮೇಲೆ!" ಎಂದು ತೂಕಡಿಕೆ ಬಾಟಲಿಯನ್ನು ಜೇಬಿಗೆ ತುರುಕಿದ. ಯಾಕೆಂದರೆ ಆ ಕಡೆಯಿಂದ ಕ್ಲಾಸಿನ ಲೀಡರು ಬರುತ್ತಿದ್ದಳು. ಕೇಳದಿದ್ದರೂ ಎಲ್ಲರ ಉಸಾಬರಿ ಹೊರುವ ಅವಳಿಗೆ ಉಸ್ತುವಾರಿ ಎಂದು ಹೆಸರಿಟ್ಟಿದ್ದರು.

"ನಂದು ಮುಗೀತು. ನಿಂಗೆ ಹೆಕ್ಕಿ ಕೊಡ್ತೀನಿ ಬಾ."

"ಬೇಡ ಬೇಡ, ನಾನೇ..."

"ಸುಮ್ನಿರೋ. ನೀರು ಇಳೀತು ನೋಡು, ಆ ಕಡೆನೂ ಹೆಕ್ಕಬೇಕು. ಬರೀ ಒಂದೇ ಕಡೆ ಹೆಕ್ಕಿದ್ರೆ ಮೇಡಂ ಒಪ್ಪಲ್ಲ."

ಅವಳು ಬಂಡೆ ಸುತ್ತಿ ಹೋದಳು. ತಾನು ಆ ಕಡೆ ಕಾಲೇ ಇಟ್ಟಿಲ್ಲವಾದ್ದರಿಂದ ಅಲ್ಲಿ ಚುಕ್ಕೆಯವು ಒಂದೋ ಎರಡೋ ಸಿಕ್ಕಾವು ಎಂದು ತೂಕಡಿಕೆ ಅಂದುಕೊಂಡಿದ್ದ. ಅವಳು ಸುರಿದ ಮೂವತ್ತರಲ್ಲಿ ಹನ್ನೆರಡಕ್ಕೆ ಕೆಂಪು ಚುಕ್ಕೆ! ಇವನು ಹೆಕ್ಕಿದ ಮೂವತ್ತರಲ್ಲೂ ಹನ್ನೆರಡು. ಭಾಗಿಸಿದರೆ ಬಂಡೆಯ ಜನಸಂಖ್ಯೆ ಇನ್ನೂರೈವತ್ತಕ್ಕೆ ಇಳಿಯಿತು. ನೋವು ಒಂದು ಹಲ್ಲಿನದು, ಕಿತ್ತದ್ದು ಪಕ್ಕದ ಹಲ್ಲು ಎಂಬಂತಾಯಿತು ಅವನ ಸ್ಥಿತಿ.

"ಮೇಡಂ! ಇವನ ಲೆಕ್ಕ ಸರಿ ಬರ್ತಿಲ್ಲ!" ಎಂದು ಉಸ್ತುವಾರಿ ಕೂಗಿಯೇ ಬಿಟ್ಟಳು.

ಮೇಡಂ ಬಂದು ರೆಕಾರ್ಡು ನೋಡಿದರು, ಬಂಡೆ ನೋಡಿದರು, ಅವನನ್ನು ನೋಡಿದರು.

"ಅಕ್ಕಪಕ್ಕದ ಬಂಡೆಗಳಲ್ಲಿ ನಾನೂರು. ನಿಂದ್ರಲ್ಲಿ ಮಾತ್ರ ಇನ್ನೂರೈವತ್ತು. ನಿಜ ಹೇಳು, ಅವತ್ತು ಎಷ್ಟಕ್ಕೆ ಚುಕ್ಕೆ ಇಟ್ಟಿದ್ದೆ?"

"ನೂರಕ್ಕೆ ಮೇಡಂ" ಎಂದ.

"ಹುಡುಗನ ಮೇಲೆ ಅನುಮಾನ ಬೇಡಮ್ಮಾ," ತಾತ ನಡುವೆ ಬಂದರು. "ನೂರಂದ್ರೆ ನೂರೇ. ಅವನದು ನಲವತ್ತು, ನಂದು ಅರವತ್ತು."

ಮೇಡಂ ತಾತನ ಕಡೆ ತಿರುಗಿದರು.

"ನೀವು ಎಲ್ರಿಗೂ ನೂರು ನೂರು ಅಂತ ಕೂಗಿ ಹೇಳಿದ್ರಲ್ಲ? ಈ ಮಗು ನಲವತ್ತು ಎಣಿಸಿ ಓಡಿಹೋಯ್ತು. ಬಾಟಲಿ ಇಲ್ಲೇ ಬಿದ್ದಿತ್ತು. ಓದೋ ಹುಡುಗ, ಏನು ಅವಸರವೋ ಪಾಪ ಅಂತ ಮಾರನೇ ದಿನ ನೀರು ಇಳಿದಾಗ ಆ ಕಡೆ ಕೂತು ಮುಗಿಸಿದೆ. ಕಣ್ಣು ಮಂಜು, ಎರಡು ಸಲ ಎಣಿಸಿದೀನಿ. ತಪ್ಪಿಲ್ಲ."

ತೂಕಡಿಕೆಗೆ ನಿದ್ದೆಯೆಲ್ಲ ಹಾರಿಹೋಯಿತು. ಅವನ ಸುಳ್ಳನ್ನು ಯಾರೋ ಹದಿನೈದು ದಿನದ ಹಿಂದೆಯೇ ನಿಜ ಮಾಡಿಟ್ಟಿದ್ದರು. ಇವತ್ತು ಕೈಕಟ್ಟಿ ಕೂತಿದ್ದರೂ ಪಾಸು!

"ಹಾಗಾದ್ರೆ ಲೆಕ್ಕ ಸರಿಹೋಗ್ಬೇಕಿತ್ತಲ್ಲ ತಾತ," ಎಂದರು ಮೇಡಂ ನಿಧಾನವಾಗಿ. "ಮಿಕ್ಕ ಚುಕ್ಕೆ ಎಲ್ಲಿಂದ ಬಂತು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತೂಕಡಿಕೆ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದ. ಹಿಂದೆ ನಿಂತಿದ್ದ ಉಸ್ತುವಾರಿ, "ಮೇಡಂ, ಬೆರಳೆಲ್ಲ ಕೆಂಪು!" ಎಂದಳು.

ಮೇಡಂ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. "ಕೆಲಸ ಜಾಸ್ತಿ ಆಯ್ತು, ನಲವತ್ತೇ ಆಯ್ತು ಅಂತ ಬರೆದಿದ್ರೂ ಸಾಕಿತ್ತು ಕಣೋ. ಅರವತ್ತರಲ್ಲಿ ಆರು ಸಿಗ್ತಿತ್ತು, ಉತ್ತರ ಅದೇ ನಾನೂರು ಬರ್ತಿತ್ತು. ಅವತ್ತು ಕ್ಲಾಸಲ್ಲಿ ಹೇಳಿದ್ದೇ ಅದು," ಎಂದು ಸಹಿ ಮಾಡಿದ್ದ ಹಾಳೆಗೆ ಅಡ್ಡಗೀಟು ಎಳೆದರು. "ಎಲ್ಲ ಚುಕ್ಕೆನೂ ಕೆರೆದು ತೆಗಿ. ಹೊಸದಾಗಿ ಶುರು ಮಾಡು. ರೆಕಾರ್ಡಿಗೆ ಇನ್ನು ಮುಂದೆ ಮೊದಲು ತಾತನ ಸಹಿ, ಆಮೇಲೆ ನಂದು."

ಎಲ್ಲರೂ ಬಸ್ಸಿನ ಕಡೆ ಹೋದರು. ತೂಕಡಿಕೆ ಒಂದೊಂದೇ ಚಿಪ್ಪು ಕೆರೆಯುತ್ತಾ ಕೂತ. ಕಡಲ ಕಡೆಯ ಚುಕ್ಕೆಗಳು ಅವನವಕ್ಕಿಂತ ಚೆನ್ನಾಗಿದ್ದವು: ದುಂಡಗೆ, ಒಂದೇ ಅಳತೆ, ಚಿಪ್ಪಿನ ನಟ್ಟನಡುವೆ. ಯಾರೂ ಕೇಳದ, ಯಾರೂ ಮಾರ್ಕ್ಸು ಕೊಡದ ಕೆಲಸ. ಅವನ್ನು ಕೆರೆಯುವಾಗ ಅವನಿಗೆ ನಾಚಿಕೆಯಾಯಿತು, ಸಿಕ್ಕಿಬಿದ್ದದ್ದಕ್ಕಿಂತ ಹೆಚ್ಚು.

ತಾತ ತಮ್ಮ ಚಾಕು ತಂದು ಪಕ್ಕದಲ್ಲೇ ಕೂತರು. "ನಾನು ಹೇಳಬಾರದಿತ್ತೇನೋ ಮಗಾ?"

"ಹೇಳಿದ್ದೇ ಸರಿ ತಾತ. ಬೆಳಿಗ್ಗೆ ನೀವು ಹೇಳೋಕೆ ಬಂದಾಗ ನಾನು ಕೇಳಬೇಕಿತ್ತು."

"ಹೋಗಲಿ ಬಿಡು." ತಾತ ಸಮಾಧಾನದಿಂದ ಇನ್ನೊಂದು ಹುಳ ಎತ್ತಿಕೊಂಡರು. "ಈ ಸಲ ಎಷ್ಟಕ್ಕೆ ನಿಲ್ಲಿಸಿ ಓಡ್ತೀಯ ಅಂತ ಮೊದಲೇ ಹೇಳಿಬಿಡು. ಉಳಿದದ್ದು ನಾನು ನೋಡ್ಕೋತೀನಿ."