ಸಂಡಿಗೆ ತೋಯಿಸಿದ ಗ್ರೌಂಡ್ ತಂತಿ

ಪಾಠ ಹೇಳುವವರಿಗೆ ಒಂದು ರೋಗವಿರುತ್ತದೆ. ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನೆಲ್ಲ ಮನೆಯಲ್ಲಿ ಮಾಡಿಯೂ ತೋರಿಸಬಲ್ಲೆವೆಂದು ನಂಬಿಬಿಡುತ್ತಾರೆ. ನಾನು ಮೂಡಲಗಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುವವನು, ಮನೆ ಗೋಕಾಕದಲ್ಲಿ. ದಿನಾ ಬಸ್ಸಿನಲ್ಲಿ ಸೀಟು ಸಿಕ್ಕರೆ ನಿದ್ದೆ, ಸಿಗದಿದ್ದರೆ ಸಂಶೋಧನೆ. ಹೀಗೆ ನಿಂತುಕೊಂಡೇ ಹೊಳೆದದ್ದು ನಮ್ಮ ನೀರಿನ ಟಾಕಿಯ ಯಂತ್ರ. ಮಾಳಿಗೆಯ ಮೇಲಿನ ಟಾಕಿ ಖಾಲಿಯಾದರೆ ಮೋಟರು ತಾನೇ ಶುರುವಾಗಬೇಕು, ತುಂಬಿದರೆ ತಾನೇ ನಿಲ್ಲಬೇಕು, ಮನೆಮಂದಿಗೆ ಕೈ ಎತ್ತಿ ಸ್ವಿಚ್ಚು ಒತ್ತುವ ಕಷ್ಟ ತಪ್ಪಬೇಕು. ಆ ಕಷ್ಟದ ಬಗ್ಗೆ ಯಾರೂ ದೂರಿರಲಿಲ್ಲ ಎಂಬುದು ಬೇರೆ ಮಾತು. ಅವ್ವನ ಸಮಾಧಾನಕ್ಕೆಂದು ಗೋಡೆಯ ಹಳೆಯ ಸ್ವಿಚ್ಚನ್ನೂ ಹಾಗೆಯೇ ಉಳಿಸಿದ್ದೆ.

ಫರಾಳದ ತಿಂಡಿ ತುಂಬಿಡುವ ಡಬ್ಬಿಯೊಂದರಲ್ಲಿ ಎಲ್ಲವನ್ನೂ ಕೂಡಿಸಿದೆ. ಹನ್ನೆರಡು ವೋಲ್ಟನ್ನು ಐದಕ್ಕೆ ಇಳಿಸುವ ಕನ್ವರ್ಟರ್, ಮೋಟರು ಚಾಲೂ ಮಾಡುವ ರಿಲೇ, ಟಾಕಿ ತುಂಬಿದೆಯೋ ಇಲ್ಲವೋ ಎಂದು ತೀರ್ಮಾನಿಸುವ ಪುಟ್ಟ ಲಾಜಿಕ್ ಸರ್ಕಿಟ್. ತಂತಿಯಲ್ಲಿ ಹರಿದು ಹೋದ ವಿದ್ಯುತ್ತು ಮರಳಿ ಬರಲೇಬೇಕು; ಆ ಮರಳುವ ದಾರಿಗೆ ಗ್ರೌಂಡ್ ಎನ್ನುತ್ತಾರೆ. ಮೂರಕ್ಕೂ ನಾನು ಒಂದೇ ತೆಳುವಾದ ತಂತಿ ಎಳೆದೆ. ಒಂದೇ ಮನೆಯವರು, ಒಂದೇ ದಾರಿಯಲ್ಲಿ ಬರಲಿ ಎಂಬ ಉದಾರ ಭಾವನೆ. ಖರೆ ಹೇಳಬೇಕೆಂದರೆ ಸೋಮಾರಿತನ. ಹೀಗೆ ಮಾಡಬಾರದೆಂದು ಹುಡುಗರಿಗೆ ವರ್ಷಾ ವರ್ಷಾ ಹೇಳುತ್ತಲೇ ಬಂದಿದ್ದೇನೆ.

ಬೇಸಿಗೆ ಬಂತು. ನನ್ನ ಹೆಂಡತಿ ಶೋಭಾ ಮತ್ತು ತಮ್ಮನ ಹೆಂಡತಿ, ಹುಕ್ಕೇರಿಯ ಸುಜಾತಾ, ಸೇರಿ ಮಾಳಿಗೆಯ ತುಂಬ ಸಂಡಿಗೆ ಹಾಕಿದರು. ಒಂದೇ ಅಡುಗೆಮನೆಯಲ್ಲಿ ನಕ್ಕೊಂತ ಇರುವ ಈ ಇಬ್ಬರನ್ನು ನೋಡಿ ಓಣಿಯೇ ಹೊಟ್ಟೆಕಿಚ್ಚು ಪಡುತ್ತಿತ್ತು. ಮಧ್ಯಾಹ್ನ ನೋಡಿದರೆ ಟಾಕಿ ಉಕ್ಕಿ ಹರಿದು ಸಂಡಿಗೆಯೆಲ್ಲ ಗಂಜಿಯಾಗಿದೆ.

"ಮೋಟರ್ ಚಾಲೂ ಮಾಡಿ ಮರ್ತಿ ಏನವಾ ಸುಜಾತಾ?" ಎಂದಳು ಶೋಭಾ.

"ನಾ ಮುಟ್ಟೇ ಇಲ್ರಿ ಅಕ್ಕಾರ. ನೀವ ಮುಟ್ಟೀರಿ ತಗೋರಿ."

ಆಗ ನಾನು ಸುಮ್ಮನಿದ್ದರೆ ಸಾಕಿತ್ತು. "ಯಂತ್ರ ತಪ್ಪು ಮಾಡೂದಿಲ್ಲ, ಮನಷ್ಯಾರ ಮಾಡತಾರ" ಎಂದು ಕುರ್ಚಿಯಿಂದಲೇ ತೀರ್ಪು ಕೊಟ್ಟೆ. ಮುಂದಿನ ವಾರ ಎರಡನೆಯ ಸಲ ಹಾಕಿದ ಸಂಡಿಗೆಯೂ ತೋಯ್ದಿತು. ಈ ಸಲ ಮಾತು ಸಂಡಿಗೆ ದಾಟಿ ತವರುಮನೆಗಳವರೆಗೆ ಹೋಯಿತು. "ಒಲೀನ ಬ್ಯಾರೆ ಇಡೂಣು" ಎಂದಳು ಶೋಭಾ. ಸುಜಾತಾ ಹುಕ್ಕೇರಿಗೆ ಹೋಗಲು ಬ್ಯಾಗು ತುಂಬಿದಳು. ಅವ್ವ ಊಟದ ತಾಟನ್ನು ಹಾಗೆಯೇ ಸರಿಸಿಟ್ಟಳು. ನನಗೆ ನಿಜಕ್ಕೂ ಭಯವಾಯಿತು. ಇಷ್ಟು ವರ್ಷ ಒಂದಾಗಿದ್ದ ಮನೆ ಅಕ್ಕಿ ಹಿಟ್ಟಿಗಾಗಿ ಒಡೆಯುವುದರಲ್ಲಿತ್ತು.

ಮರುದಿನ ಇಬ್ಬರೂ ತಮ್ಮ ತಮ್ಮ ಖೋಲಿಯಲ್ಲಿ ಬಾಗಿಲು ಹಾಕಿಕೊಂಡಿದ್ದರು. ನಾನೊಬ್ಬನೇ ಸ್ವಿಚ್ಚಿನ ಎದುರಿಗಿದ್ದೆ. ಟಾಕಿ ತುಂಬಿತ್ತು. ಮೋಟರು ತಾನಾಗಿಯೇ ಗುರ್ ಎಂದಿತು! ಮೋಟರನ್ನಷ್ಟೇ ಬಂದ್ ಮಾಡಿ, ಡಬ್ಬಿ ಬಿಚ್ಚಿ, ಅಳೆದು ನೋಡಿದೆ. ಕನ್ವರ್ಟರು ಒಂದೇ ಸಮನೆ ಗಬಗಬ ಎಂದು ಕರೆಂಟು ನುಂಗಿ ಅದೇ ತೆಳು ತಂತಿಯಲ್ಲಿ ವಾಪಸು ತಳ್ಳುತ್ತಿತ್ತು. ಸೊನ್ನೆ ವೋಲ್ಟು ಇರಬೇಕಾದ ಗ್ರೌಂಡಿನಲ್ಲಿ ಸೊನ್ನೆ ಇರಲೇ ಇಲ್ಲ. ಪಾಪದ ಲಾಜಿಕ್ ಸರ್ಕಿಟ್ಟು ತಲೆ ಕೆಟ್ಟು, ತುಂಬಿದ ಟಾಕಿಯನ್ನು ಖಾಲಿ ಎಂದು ತಿಳಿದುಕೊಳ್ಳುತ್ತಿತ್ತು.

ಎಲ್ಲರನ್ನೂ ಪಡಸಾಲೆಗೆ ಕರೆದು ಹೇಳಿದೆ. ಅವ್ವ ಕೇಳಿದಳು, "ಈಗ ಏನ್ ಮಾಡಾಂವಪಾ ಅದಕ್ಕ?"

"ಗದ್ದಲ ಮಾಡೂದಕ್ಕ ಅದರದ ಬ್ಯಾರೆ ತಂತಿ, ಸೂಕ್ಷ್ಮ ಇದ್ದದ್ದಕ್ಕ ಬ್ಯಾರೆ ತಂತಿ ಅವ್ವಾ. ಎರಡೂ ಒಂದ ಜಾಗಾದಾಗ ಅಷ್ಟ ಕೂಡಬೇಕು."

ಹೇಳಿ ನಾಲಿಗೆ ಕಚ್ಚಿಕೊಂಡೆ. ಬೇರೆ ಒಲೆಗೆ ನಾನೇ ಶಾಸ್ತ್ರಾಧಾರ ಕೊಟ್ಟಂತಾಯಿತಲ್ಲ! ಆದರೆ ಸುಜಾತಾ ನನ್ನನ್ನೇ ನೋಡುತ್ತಿದ್ದಳು. "ಹಂಗಾರ ನಾವಿಬ್ರೂ ಬಡದಾಡಿದ್ದು ಈ ಡಬ್ಬಿ ಸಲುವಾಗಿ ಏನ್ರಿ ಭಾವಾರ?"

"ಡಬ್ಬೀದೇನ್ ತಪ್ಪ? ಮಾಡಿದಾಂವ್ರದು" ಎಂದು ಶೋಭಾ ಎದ್ದು ಹೋಗಿ, ಸುಜಾತಾಳ ಬ್ಯಾಗಿನಿಂದ ಸೀರೆಗಳನ್ನು ತೆಗೆದು ಕಪಾಟಿನಲ್ಲಿಟ್ಟಳು. ಇಬ್ಬರೂ ಕಣ್ಣೊರೆಸಿಕೊಂಡು ನಕ್ಕರು. ಆಗ ಅವ್ವ ಅಪ್ಪಣೆ ಮಾಡಿದಳು: "ನೀ ಹೇಳಿದ್ದ ಖರೆ ಐತಿ. ಗದ್ದಲ ಮಾಡಾಂವನ್ನ ಬ್ಯಾರೆ ಇಡೂಣು. ನಿನ್ನ ಸಾಮಾನ ತಗೊಂಡ ಮಾಳಗಿ ಮ್ಯಾಲಿನ ಖೋಲಿಗಿ ನಡಿ. ಕೂಡೂದು ಊಟದ ಹೊತ್ತಿಗಿ ಅಷ್ಟ."

ಹೀಗಾಗಿ ಇದನ್ನು ಮಾಳಿಗೆಯ ಖೋಲಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಯಂತ್ರ ಈಗ ಸರಿಯಾಗಿದೆ. ಕೆಳಗೆ ಒಂದೇ ಒಲೆ, ಇಬ್ಬರ ನಗು. ಹೊರಗೆ ಮೂರನೆಯ ಸಲದ ಸಂಡಿಗೆ ಒಣಗುತ್ತಿದೆ. ಕಾಗೆ ಓಡಿಸುವ ಕೆಲಸ ನನ್ನದು. ಅದಕ್ಕೂ ಒಂದು ಯಂತ್ರ ಹೊಳೆದಿದೆ. ಕೆಳಗೆ ಇನ್ನೂ ಹೇಳಿಲ್ಲ.