ಡಾಕ್ಟರರ ಪ್ರಬಂಧಕ್ಕೆ ನಾನು ತುಳಿದ ಸೈಕಲ್ಲು

ಕದ್ರಿ ದೇವರಾಣೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಸುಳ್ಳು ಹೇಳುವ ಅಗತ್ಯವೇ ನನಗೆ ಬರಲಿಲ್ಲ; ನಾನು ಹೋದಲ್ಲೆಲ್ಲ ಏನಾದರೊಂದು ತಾನಾಗಿ ನಡೆಯುತ್ತದೆ.

ಅರವತ್ತರ ದಶಕದ ಶುರುವಿನಲ್ಲಿ ನಾನು ಮಂಗಳೂರಿನ ಒಬ್ಬ ಮನೋವೈದ್ಯರ ಬಳಿ ರೈಟರ್, ಅಂದರೆ ಗುಮಾಸ್ತ. ತೀವ್ರ ಖಿನ್ನತೆಗೆ ಹೊಸದಾಗಿ ಬಂದಿದ್ದ ಗುಳಿಗೆಯ ಬಗ್ಗೆ ಅವರು ಪ್ರಬಂಧ ಬರೆಯುತ್ತಿದ್ದರು. ಚಿಕಿತ್ಸೆ ಮುಗಿದು ಆರು ತಿಂಗಳಿಗೆ ಪ್ರತಿಯೊಬ್ಬರೂ ಹೇಗಿದ್ದಾರೆಂದು ಕೇಳಿ ಬರೆಯಬೇಕು. ಒಂದು ಫಾರಂ ಕಡಿಮೆಯಾದರೂ ವೈದ್ಯಕೀಯ ಪತ್ರಿಕೆಯವರು ಅಚ್ಚು ಹಾಕುವುದಿಲ್ಲ, ಮೂರು ವರ್ಷದ ಕೆಲಸ ನೀರುಪಾಲು. ಗುಣವಾದವರೋ, ಯಾರಾದರೂ ನೋಡಿಯಾರೆಂದು ನಮ್ಮ ಬೀದಿಗೇ ಬರುವುದಿಲ್ಲ. ಹಾಗಾಗಿ ಫಾರಂ ಹಿಡಿದು ಮನೆಮನೆಗೆ ಹೋಗುವವನು ನಾನು. ರೋಗಿಗಳಿಗೆ ಹೆಸರಿಲ್ಲ, ನಂಬರ್ ಮಾತ್ರ. ಊರಿನ ಕಣ್ಣಿಗೆ ನಾನು ವಿಮೆ ಏಜೆಂಟ್. ಪ್ರಬಂಧ ಬರೆದದ್ದು ಡಾಕ್ಟರ್ ಇರಬಹುದು. ಕದ್ರಿ ಗುಡ್ಡೆಯ ಏರಿನಲ್ಲಿ ಸೈಕಲಿನಿಂದ ಇಳಿಯದೆ ವಿಜ್ಞಾನವನ್ನು ಮೇಲಕ್ಕೆತ್ತಿದ್ದು ನಾನು.

೧. ಕೆಂಪು ಶಾಯಿ

ನಂಬರ್ ನಾಲ್ಕು, ಬಲ್ಮಠದ ಶಾಲೆಯ ಟೀಚರಮ್ಮ; ನಮ್ಮೂರ ವಾಡಿಕೆಯಂತೆ ಎಲ್ಲರಿಗೂ 'ಬಾಯಿ'. ಕಾಯಿಲೆ ಬಿದ್ದ ಮೇಲೆ ಎಂಟು ತಿಂಗಳು ಪುಸ್ತಕ ಮುಟ್ಟಿದವರಲ್ಲ. ಫಾರಂ ಕೊಟ್ಟೆ. ಓದಿದರು. ಕನ್ನಡಕ ಹಾಕಿ ಇನ್ನೊಮ್ಮೆ ಓದಿದರು. ಒಳಗೆ ಹೋಗಿ ಕೆಂಪು ಶಾಯಿಯ ಪೆನ್ನು ತಂದರು.

"ಇದನ್ನು ಬರೆದದ್ದು ಯಾರು?"

"ಡಾಕ್ಟರ್, ಬಾಯಿ."

"ಮೂರನೇದೂ ಏಳನೇದೂ ಒಂದೇ ಪ್ರಶ್ನೆ. ಒಂಬತ್ತನೇದಕ್ಕೆ ಉತ್ತರವೇ ಇಲ್ಲ. ಗಮನ ಸಾಲದು ಅಂತ ಹೇಳಿ ಅವರಿಗೆ."

ಉತ್ತರ ಒಂದೂ ಬರೆಯಲಿಲ್ಲ. ಕೆಳಗೆ ಹತ್ತಕ್ಕೆ ಮೂರು ಅಂಕ ಹಾಕಿ ಕೊಟ್ಟರು. ಅದನ್ನು ನೋಡಿ ಡಾಕ್ಟರ್ ಕುಣಿಯುವುದೊಂದು ಬಾಕಿ. "ಪೂರ್ತಿ ಗುಣ ಮಾರಾಯ! ನಾನು ಫೇಲು, ಗುಳಿಗೆ ಪಾಸು!"

೨. ಬೇಲಿ ಹಾರಿದವರು

ನಂಬರ್ ಹದಿನೇಳು ಉಳ್ಳಾಲದ ಒಬ್ಬ ಧಣಿಗಳು. ಸೈಕಲನ್ನು ದೋಣಿಗೆ ಹತ್ತಿಸಿ, ನೇತ್ರಾವತಿ ಹೊಳೆ ದಾಟಿ ಮೂರು ಸಲ ಹೋದೆ. ಮೂರು ಸಲವೂ ಅವರ ಹೆಂಡತಿ ಬಾಗಿಲಿಗೆ ಬಂದು, "ವಿಮೆ ಏಜೆಂಟ್ ಬಂದಿದ್ದಾರೆ" ಎಂದು ಒಳಗೆ ಕೂಗಿದ್ದೇ ತಡ, ಹಿತ್ತಲಲ್ಲಿ ದಡಬಡ ಸದ್ದು.

"ಓಡಿದರು ನೋಡಿ!" ಎಂದರು ಆ ತಾಯಿ, ಕಣ್ಣಲ್ಲಿ ನೀರು ತುಂಬಿ. "ಹೋದ ವರ್ಷ ಮಂಚದಿಂದ ಏಳ್ತಿರಲಿಲ್ಲ. ಈಗ ಬೇಲಿ ಹಾರ್ತಾರೆ!"

ನಾನು ಫಾರಂನಲ್ಲಿ ಬರೆದೆ: 'ರೋಗಿ ಹಾರುತ್ತಾರೆ. ಸುಧಾರಣೆ ಉಂಟು.'

ಡಾಕ್ಟರ್ ಒಪ್ಪಲಿಲ್ಲ. "ಹಾರಿದರೆ ಸಾಲದು, ಬಾಯಿಬಿಟ್ಟು ಹೇಳಬೇಕು."

೩. ಎರಡು ಫಾರಂ, ಒಂದು ಹೆಣ್ಣು ನೋಡುವ ಶಾಸ್ತ್ರ

ಉಳಿದದ್ದು ಎರಡೇ ಫಾರಂ: ಹದಿನೇಳು, ಮತ್ತೆ ಕದ್ರಿಯ ಹೋಟೆಲ್ ಯಜಮಾನರಾದ ಹನ್ನೊಂದು. ಮರುದಿನವೇ ಅಂಚೆಗೆ ಹಾಕಬೇಕು. ಹನ್ನೊಂದರ ಮನೆಗೆ ಹೋದರೆ ಚಾವಡಿ ತುಂಬ ಜನ. ಮಗಳನ್ನು ನೋಡಲು ಬಂದಿದ್ದಾರೆ. ವರನ ಅಪ್ಪ ಯಾರು? ಸಾಕ್ಷಾತ್ ಹದಿನೇಳು!

ಹನ್ನೊಂದು ನನ್ನನ್ನು ನೋಡಿ ಬಿಳಿಚಿದರು. ಹದಿನೇಳು ನೋಡಿ ಇನ್ನಷ್ಟು ಬಿಳಿಚಿದರು. ತನಗೆ ಮಂಕು ಕವಿದಿತ್ತೆಂದು ಎದುರಿನ ಪಕ್ಷಕ್ಕೆ ತಿಳಿದರೆ ಸಂಬಂಧ ಮುರಿಯುತ್ತದೆಂದು ಇಬ್ಬರಿಗೂ ಭಯ. ನಾನು ಮಾತ್ರ ಒಂದು ತೊಟ್ಟೂ ಬೆವರಲಿಲ್ಲ. ಅವಲಕ್ಕಿ ತಟ್ಟೆ ತೆಗೆದುಕೊಂಡು, ಇಬ್ಬರ ನಡುವೆ ಕುಳಿತು, ಗೋಡೆ ನೋಡುತ್ತ ಲೋಕಾಭಿರಾಮ ಎಂಬಂತೆ ಕೇಳಿದೆ:

"ಈ ಸೆಕೆಗೆ ನಿದ್ದೆ ಬರ್ತದಾ?"

"ಬರ್ತದೆ!" ಎಡದಿಂದಲೂ ಬಲದಿಂದಲೂ ಒಟ್ಟಿಗೆ.

"ಹಸಿವು?"

"ಉಂಟು!" ಮತ್ತೆ ಒಟ್ಟಿಗೆ.

"ಬೆಳಿಗ್ಗೆ ಏಳುವಾಗ, ಇವತ್ತು ಯಾಕಾದರೂ ಬೆಳಗಾಯ್ತೋ ಅನಿಸ್ತದಾ?"

ಹನ್ನೊಂದು ಮೆಲ್ಲ ಹೇಳಿದರು, "ಮೊದಲು ಅನಿಸ್ತಿತ್ತು."

"ನಂಗೂ," ಎಂದರು ಹದಿನೇಳು.

ಇಬ್ಬರೂ ನನ್ನ ತಲೆಯ ಹಿಂದಿನಿಂದ ಒಬ್ಬರನ್ನೊಬ್ಬರು ನೋಡಿದರು.

"ನಿಮ್ಮ ನಂಬರ್ ಎಷ್ಟು ಮಾರಾಯ್ರೆ?"

"ಹದಿನೇಳು. ನಿಮ್ಮದು?"

"ಹನ್ನೊಂದು."

"ಎಂತ ನಂಬರ್ ಅದು?" ಒಳಗಿಂದ ಹೆಂಗಸರು ಕೇಳಿದರು.

"ವಿಮೆಯದ್ದು!" ಎಂದರು ಇಬ್ಬರೂ. ಹಾಗೆನ್ನುತ್ತ ನಕ್ಕದ್ದು ನೋಡಬೇಕಿತ್ತು! ಹುಡುಗ ಹುಡುಗಿ ಒಪ್ಪುವ ಮೊದಲೇ ಅಪ್ಪಂದಿರು ಒಪ್ಪಿಯಾಗಿತ್ತು.

ಪ್ರಬಂಧ ಅಚ್ಚಾಗಿ ಬಂತು. ಎರಡನೇ ಪುಟದಲ್ಲಿ ಡಾಕ್ಟರ್ ಘನವಾಗಿ ಬರೆದಿದ್ದರು: 'ಈ ರೋಗಿಗಳಲ್ಲಿ ಯಾರಿಗೂ ಪರಸ್ಪರ ಸಂಬಂಧವಿಲ್ಲ.' ಅಷ್ಟರಲ್ಲಿ ಹನ್ನೊಂದರ ಮಗಳು ಹದಿನೇಳರ ಮನೆ ಸೊಸೆಯಾಗಿ ಎರಡು ತಿಂಗಳು.

ಎಲ್ಲ ನಿಜ. ಬೆವರಲಿಲ್ಲ ಎಂದೆನಲ್ಲ, ಅದೊಂದು ಮಾತ್ರ ಕಟ್ಟಿದ್ದು. ಅಂದು ನನ್ನ ಅಂಗಿ ಹಿಂಡಿದ್ದರೆ ನೇತ್ರಾವತಿಗೆ ನೆರೆ ಬರುತ್ತಿತ್ತು.